ಬೆಳಗಿನ ಸಿರಪ್, ಹನ್ನೊಂದೂವರೆಯ ಫೋನ್

ಬೆಳಿಗ್ಗೆ ಏಳೂವರೆ. ಒಲೆಯ ಮೇಲೆ ಚಹಾ ಉಕ್ಕುವುದರಲ್ಲಿದೆ. ಡಬ್ಬಿಗೆ ಚಪಾತಿ ಹಾಕುತ್ತಿದ್ದ ಕೈ ಮಗುವಿನ ಹಣೆ ಮುಟ್ಟುತ್ತದೆ. ಬಿಸಿ. ಜಾಸ್ತಿ ಏನಲ್ಲ, ಆದರೆ ಬಿಸಿ ಹೌದು. ‘ಸಾಲಿಗೆ ಕಳಸೂಣೋ ಬ್ಯಾಡೋ?’ ಎಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಹೊರಗೆ ಆಟೋದ ಹಾರ್ನ್. ಫ್ರಿಜ್ ಮೇಲಿದ್ದ ಪ್ಯಾರಾಸಿಟಮಾಲ್ ಸಿರಪ್ ಕೆಳಗಿಳಿಯುತ್ತದೆ. ಒಂದು ಮುಚ್ಚಳ ಕುಡಿಸಿ, ಬಾಯಿ ಒರೆಸಿ, ಹೆಗಲಿಗೆ ಬ್ಯಾಗ್ ಏರಿಸಿ ಕಳಿಸಿಬಿಡುತ್ತೇವೆ.

ನಾನೂ ಹಾಗೆ ಕಳಿಸಿದವನೇ. ಮಗ ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತು. ಅವತ್ತು ಅವನಿಗೆ ಟೆಸ್ಟ್ ಇತ್ತು, ನನಗೆ ಆಫೀಸಿನಲ್ಲಿ ಆಡಿಟ್ ಇತ್ತು. ಹನ್ನೊಂದೂವರೆಗೆ ಶಾಲೆಯಿಂದ ಫೋನ್. ಮೊದಲು ಹೆಂಡತಿಗೆ ಮಾಡಿದ್ದರಂತೆ, ಅವಳು ಎತ್ತಲಿಲ್ಲವೆಂದು ನನಗೆ. “ಹುಡುಗನ ಮೈ ಕಾದ ಹಂಚ ಆಗ್ಯದ್ರಿ, ಬಂದು ಕರ್ಕೊಂಡ ಹೋಗ್ರಿ.” ಹೋಗಿ ನೋಡಿದರೆ ಸ್ಟಾಫ್ ರೂಮಿನ ಬೆಂಚಿನ ಮೇಲೆ ಮುದುಡಿಕೊಂಡು ಮಲಗಿದ್ದ. ತಲೆಯ ಕೆಳಗೆ ಅವನದೇ ಬ್ಯಾಗು, ಹಣೆಯ ಮೇಲೆ ಯಾರದೋ ಒದ್ದೆ ಕರ್ಚೀಫು. ಟೀಚರ್ ಬೈಯಲಿಲ್ಲ. “ಮುಂಜಾನೆ ಔಷಧ ಹಾಕಿ ಕಳಿಸೀರಿ, ಹೌದಲ್ರಿ?” ಎಂದರು. ಹೆಂಗ ಗೊತ್ತಾಯ್ತು ಎಂದು ಕೇಳಿದೆ. “ಹನ್ನೊಂದರ ಮ್ಯಾಲ ಜ್ವರ ಏರೂ ಹುಡುಗ್ರು ಎಲ್ಲಾ ಹಂಗ ಇರ್ತಾವ್ರಿ.”

ಅವರ ಲೆಕ್ಕದಲ್ಲಿ ತಪ್ಪಿಲ್ಲ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಏಳೂವರೆಗೆ ಕೊಟ್ಟದ್ದು ಹನ್ನೊಂದೂವರೆಗೆ ಇಳಿಯಲು ಶುರು. ಅದು ಮೈ ಬಿಸಿಯನ್ನು ಇಳಿಸುತ್ತದೆಯೇ ಹೊರತು ಬಂದ ರೋಗವನ್ನಲ್ಲ. ಆ ನಾಲ್ಕು ಗಂಟೆ ಮಗು ಚೆನ್ನಾಗಿರುವಂತೆ ಕಾಣುತ್ತದೆ. ಪಕ್ಕದವನ ಜೊತೆ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತದೆ, ರೋಗವನ್ನೂ ಹಂಚುತ್ತದೆ. ಮಕ್ಕಳ ಡಾಕ್ಟರುಗಳು ಹೇಳುವ ನಿಯಮ ಹುಟ್ಟಿದ್ದು ಇದಕ್ಕೇ: ಜ್ವರ ಬಿಟ್ಟು 24 ಗಂಟೆ ಆಗಿರಬೇಕು, ಅದೂ ಔಷಧ ಹಾಕದೆ. ಈ ಕೊನೆಯ ಎರಡು ಪದಗಳನ್ನೇ ನಾವು ಮರೆಯುವುದು.

ಜ್ವರ ಎಂದರೆ ಎಷ್ಟು? 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಅಥವಾ ಅದಕ್ಕಿಂತ ಹೆಚ್ಚು. ಕಂಕುಳಲ್ಲಿ ಇಟ್ಟು ನೋಡಿದರೆ ನಿಜವಾದದ್ದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಆಡಿ ಬಂದ ಯಾವ ಹುಡುಗನ ಹಣೆ ಮುಟ್ಟಿದರೂ ಬಿಸಿಯೇ. ಕೈಯನ್ನು ನಂಬುವುದಕ್ಕಿಂತ ಇನ್ನೂರು ರೂಪಾಯಿಯೊಳಗೆ ಸಿಗುವ ಡಿಜಿಟಲ್ ಥರ್ಮಾಮೀಟರ್ ನಂಬುವುದು ಒಳ್ಳೆಯದು.

ನೋಡಿದರೆ ನಾವು ಎರಡೂ ಕಡೆ ತಪ್ಪುತ್ತಿದ್ದೇವೆ. ಮನೆಯಲ್ಲಿ ಇರಬೇಕಾದ ಮಗುವನ್ನು ಸಿರಪ್ ಹಾಕಿ ಕಳಿಸುತ್ತೇವೆ. ಕಳಿಸಬಹುದಾದ ಮಗುವನ್ನು ಮೂಗು ಸೋರುತ್ತಿದೆ ಎಂದು ಮೂರು ದಿನ ಮನೆಯಲ್ಲಿ ಕೂರಿಸುತ್ತೇವೆ.

ನೆಗಡಿಯ ಲೆಕ್ಕ

2025ರ ಮೇ ಕೊನೆಯಲ್ಲಿ, ಕೋವಿಡ್ ಮತ್ತೆ ಕಾಣಿಸಿಕೊಂಡು ಅದೇ ಹೊತ್ತಿಗೆ ಶಾಲೆಗಳು ಶುರುವಾದಾಗ, ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿಯಂಥ ಲಕ್ಷಣ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಪೂರ್ತಿ ಗುಣವಾದ ಮೇಲೆ ಕಳಿಸಿ, ಹಾಗೆ ಬಂದವರಿದ್ದರೆ ಪೋಷಕರಿಗೆ ತಿಳಿಸಿ ಮನೆಗೆ ವಾಪಸ್ ಕಳಿಸಿ ಎಂದು. ಆ ಹೊತ್ತಿನ ಆತಂಕಕ್ಕೆ ಅದು ಸರಿಯೇ ಇದ್ದಿರಬಹುದು. ಆದರೆ ಆ ಮಾತನ್ನು ವರ್ಷವಿಡೀ ಪಾಲಿಸುವ ನಿಯಮ ಅಂದುಕೊಂಡರೆ ಏನಾಗುತ್ತದೆ ನೋಡಿ.

ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಮಾಮೂಲು. ಒಂದೊಂದು ನೆಗಡಿ ಒಂದು ವಾರದಿಂದ ಹತ್ತು ದಿನ ಇರುತ್ತದೆ. ಕೆಮ್ಮು ಎರಡು ಮೂರು ವಾರ ಎಳೆಯುವುದೂ ಉಂಟು. ಆರು ನೆಗಡಿ, ಹತ್ತತ್ತು ದಿನ ಅಂದರೆ 60 ದಿನ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ರಜೆಯಲ್ಲಿ ಬಂದ ನೆಗಡಿಗಳನ್ನು ಕಳೆದರೂ ಒಂದು ತಿಂಗಳಿಗಿಂತ ಜಾಸ್ತಿ ಪಾಠ ತಪ್ಪುತ್ತದೆ. ಅದೂ ಮಗು ಓದಲು, ಕೂಡಿಸಲು ಕಲಿಯುವ ವಯಸ್ಸಿನಲ್ಲಿ.

ನಮ್ಮ ಅವ್ವನ ನಿಲುವು ಸರಳ. “ನೆಗಡಿಗೆ ಯಾರರ ಸಾಲಿ ಬಿಡ್ತಾರೇನೋ?” ಈ ವಿಷಯದಲ್ಲಿ ಅವ್ವ ಹೇಳುವುದೂ ಡಾಕ್ಟರು ಹೇಳುವುದೂ ಒಂದೇ. ಜ್ವರ ಇಲ್ಲ, ಊಟ ಮಾಡುತ್ತಿದೆ, ಆಡುತ್ತಿದೆ ಅಂದರೆ ಮೂಗು ಸೋರಿದರೂ ಶಾಲೆಗೆ ಹೋಗಬಹುದು. ಹಸಿರು ಸಿಂಬಳ ಬಂದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬುದೂ ತಪ್ಪು, ನೆಗಡಿ ಹಣ್ಣಾಗುವಾಗ ಸಿಂಬಳ ಬಣ್ಣ ತಿರುಗುವುದು ಸಹಜ.

ಶಾಲೆ ತಪ್ಪಬಾರದೆಂದು ಮೆಡಿಕಲ್ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಹಾಕುವುದು ಮಾತ್ರ ಬೇಡ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಸುದ್ದಿ ನೆನಪಿದೆ ಅಲ್ವಾ? ಅದರ ಬೆನ್ನಿಗೇ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಸೂಚನೆ ಕೊಟ್ಟಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಲೇಬೇಡಿ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಬಿಸಿನೀರು, ಒಂದು ವರ್ಷ ದಾಟಿದ ಮಗುವಾದರೆ ಒಂದು ಚಮಚ ಜೇನು, ಇಷ್ಟೇ ಸಾಕಾಗುತ್ತದೆ.

ಹಾಗಾದರೆ ಬೆಳಿಗ್ಗೆ ಏಳೂವರೆಗೆ ಏನು ನೋಡಬೇಕು? ರೋಗದ ಹೆಸರು ಆ ಹೊತ್ತಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದೂ ಇಲ್ಲ. ನನಗೆ ನಾನೇ ಕೇಳಿಕೊಳ್ಳುವುದು ಇಷ್ಟು. ಇವನು ಇವತ್ತು ಸಂಜೆಯವರೆಗೆ ಬೆಂಚಿನ ಮೇಲೆ ಕೂತಿರಬಲ್ಲನೇ? ಪಕ್ಕದವನಿಗೆ ಹತ್ತುವ ರೋಗವೇ, ಹತ್ತಿದರೆ ಅದು ಬರೀ ನೆಗಡಿಯೋ ಅಥವಾ ದಡಾರವೋ? ನಲವತ್ತು ಮಕ್ಕಳಿಗೆ ಒಬ್ಬರೇ ಇರುವ ಟೀಚರ್ ಇವನನ್ನು ನೋಡಿಕೊಳ್ಳುತ್ತಾ ಪಾಠ ಮಾಡಬಲ್ಲರೇ? ಮೂರನೆಯದು ನಮಗೆ ಹೊಳೆಯುವುದೇ ಇಲ್ಲ. ಕ್ಲಾಸಿನಲ್ಲಿ ಒಂದು ಮಗು ಎರಡು ಸಲ ವಾಂತಿ ಮಾಡಿದರೆ ಅವತ್ತಿನ ಅರ್ಧ ದಿನ ಇಡೀ ಕ್ಲಾಸಿಗೆ ಹೋದ ಹಾಗೇ.

ವಾಂತಿ-ಜುಲಾಬು ಇದ್ದರೆ ಯೋಚನೆಯೇ ಬೇಡ, ಮನೆ. ಕೊನೆಯ ಸಲ ಆಗಿ ಒಂದು ದಿನವಾದರೂ ಕಳೆಯಬೇಕು, ಎರಡು ದಿನವಾದರೆ ಒಳ್ಳೆಯದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿಸಿ ಬಂದ ಮರುದಿನ ಎಷ್ಟೋ ಮನೆಗಳಲ್ಲಿ ಇದೇ ಕತೆ. ಓಆರ್‌ಎಸ್ ಕುಡಿಸುತ್ತಾ, ಡಾಕ್ಟರು ಹೇಳಿದಂತೆ ಜಿಂಕ್ ಮಾತ್ರೆ ಕೊಡುತ್ತಾ ಮನೆಯಲ್ಲಿಟ್ಟುಕೊಳ್ಳಿ. ಭೇದಿ ನಿಂತಿತೆಂದು ಜಿಂಕ್ ನಿಲ್ಲಿಸಬೇಡಿ, ಅದು 10ರಿಂದ 14 ದಿನದ್ದು.

‘ಕಣ್ಣು ಬಂದಾವ’ ಎನ್ನುವುದರ ಬಗ್ಗೆ ಜಗಳ ಇದೆ. 2023ರ ಜುಲೈ–ಆಗಸ್ಟಿನಲ್ಲಿ ರಾಜ್ಯದ ತುಂಬ ಕೆಂಗಣ್ಣು ಹಬ್ಬಿದಾಗ ಶಾಲೆಗಳು ಅಂಥ ಮಕ್ಕಳನ್ನು ಮನೆಗೆ ಕಳಿಸಿದವು. ಇಂಗ್ಲೆಂಡಿನ ಆರೋಗ್ಯ ಇಲಾಖೆಯನ್ನು ಕೇಳಿದರೆ ಕೆಂಗಣ್ಣಿಗೆ ಶಾಲೆ ಬಿಡಬೇಕಾಗಿಲ್ಲ ಎನ್ನುತ್ತದೆ. ಅಲ್ಲಿನ ಕ್ಲಾಸೇ ಬೇರೆ, ಒಂದು ಬೆಂಚಿಗೆ ನಾಲ್ಕು ಮಕ್ಕಳು ಅಂಟಿಕೊಂಡು ಕೂರುವ ನಮ್ಮ ಕ್ಲಾಸೇ ಬೇರೆ. ಕಣ್ಣಲ್ಲಿ ನೀರು, ಪಿಸುರು ಜೋರಾಗಿರುವ ಎರಡು ಮೂರು ದಿನ ಮನೆಯಲ್ಲಿರಲಿ ಎನ್ನುವುದು ನನ್ನ ಅಭಿಪ್ರಾಯ. ಅಂದಹಾಗೆ, ಅದು ನೋಡಿದರೆ ಹತ್ತುವುದಿಲ್ಲ, ಮುಟ್ಟಿದರೆ ಹತ್ತುತ್ತದೆ. ಕಪ್ಪು ಕನ್ನಡಕಕ್ಕಿಂತ ಬೇರೆ ಟವೆಲ್ ಮುಖ್ಯ.

ತಲೆಯಲ್ಲಿ ಹೇನು, ಕೈಯಲ್ಲಿ ಹುಳುಕಡ್ಡಿ ಇದ್ದರೆ ಚಿಕಿತ್ಸೆ ಶುರು ಮಾಡಿ ಕಳಿಸಿ, ಅಷ್ಟೇ. ಕಜ್ಜಿಗೂ ಹೆಚ್ಚುಕಡಿಮೆ ಹಾಗೇ: ಮೊದಲ ಸಲ ಮುಲಾಮು ಹಚ್ಚಿ ಒಂದು ದಿನ ಬಿಟ್ಟು ಕಳಿಸಬಹುದು. ಮನೆಯವರೆಲ್ಲ ಒಟ್ಟಿಗೆ ಹಚ್ಚಿಕೊಳ್ಳದಿದ್ದರೆ ಮಾತ್ರ ಅದು ಹೋಗುವುದಿಲ್ಲ. ಹೇನಿನ ಹುಡುಗಿಯನ್ನು ಎಲ್ಲರ ಮುಂದೆ ಎಬ್ಬಿಸಿ ಮನೆಗೆ ಕಳಿಸುವ ಶಾಲೆಗಳಿವೆ. ಆ ಅವಮಾನ ಹೇನಿಗಿಂತ ಜಾಸ್ತಿ ದಿನ ಉಳಿಯುತ್ತದೆ.

ಅವ್ವ ಬಂದಾಗ

ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ‘ಅವ್ವ ಬಂದಾಳ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ತೊಪ್ಪಲು ಸಿಗಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಗುಳ್ಳೆ ಒಣಗಿದ ಮೇಲೆ ಬೇವಿನ ನೀರಲ್ಲಿ ಮೀಯಿಸಿ ‘ಅವ್ವನ್ನ ಕಳಿಸುತ್ತಾರೆ’. ಈ ಪದ್ಧತಿಯನ್ನು ನಗುವವರಿದ್ದಾರೆ. ನಾನು ನಗುವುದಿಲ್ಲ. ಚಿಕನ್‌ಪಾಕ್ಸ್ ಬಂದ ಮಗು ಎಲ್ಲ ಗುಳ್ಳೆಗಳೂ ಒಣಗಿ ಹೆಕ್ಕಳೆ ಕಟ್ಟುವವರೆಗೆ ಮನೆಯಲ್ಲಿರಬೇಕು ಎಂದೇ ವೈದ್ಯರೂ ಹೇಳುವುದು. ಅದಕ್ಕೆ ಐದಾರು ದಿನ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಬೇವಿನ ತೊಪ್ಪಲು ರೋಗ ವಾಸಿ ಮಾಡುತ್ತದೋ ಬಿಡುತ್ತದೋ, ಬಾಗಿಲಲ್ಲಿ ನೇತಾಡುತ್ತಾ ‘ಒಳಗ ಬರಬ್ಯಾಡ್ರಿ’ ಎನ್ನುವ ಬೋರ್ಡಿನ ಕೆಲಸವನ್ನಂತೂ ಮಾಡುತ್ತದೆ.

ತೊಡಕು ಬೇರೆ ಕಡೆ ಇದೆ. ನಮ್ಮಲ್ಲಿ ಚಿಕನ್‌ಪಾಕ್ಸ್ ಬಂದರೂ ಅವ್ವ, ದಡಾರ ಬಂದರೂ ಅವ್ವ. ನಮ್ಮ ಅಜ್ಜ-ಅಜ್ಜಿಯರು ಹೆದರುತ್ತಿದ್ದ ಸಿಡುಬು ಭಾರತದಲ್ಲಿ 1975ಕ್ಕೇ ಮುಗಿಯಿತು, ಹೆಸರು ಮತ್ತು ಹೆದರಿಕೆ ಮಾತ್ರ ಉಳಿದವು. ಚಿಕನ್‌ಪಾಕ್ಸಿನಲ್ಲಿ ನೀರು ತುಂಬಿದ ಗುಳ್ಳೆ ಏಳುತ್ತವೆ. ದಡಾರದಲ್ಲಿ ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಮುಖದಿಂದ ಕೆಳಗೆ ಕೆಂಪು ದದ್ದು ಇಳಿಯುತ್ತದೆ. ದಡಾರ ನ್ಯುಮೋನಿಯಾಕ್ಕೆ ತಿರುಗಬಹುದು. ದಡಾರ ಬಂದ ಮಕ್ಕಳಿಗೆ ವಿಟಮಿನ್ ಎ ಕೊಡಬೇಕು, ಅದು ಆಸ್ಪತ್ರೆಗೆ ಹೋದರೆ ಮಾತ್ರ ಸಿಗುತ್ತದೆ. ‘ಅವ್ವ ಬಂದಾಗ ದವಾಖಾನಿಗೆ ಹೋಗಬಾರದು’ ಎನ್ನುವ ಮಾತು ಇಲ್ಲಿ ಮಗುವಿನ ಜೀವಕ್ಕೇ ಕುತ್ತು. ಬಾಗಿಲಿಗೆ ಬೇವು ಇರಲಿ, ಮಗುವನ್ನು ಡಾಕ್ಟರಿಗೂ ತೋರಿಸಿ. ದದ್ದು ಕಾಣಿಸಿದ ಮೇಲೆ ನಾಲ್ಕು ದಿನ ಶಾಲೆ ಬೇಡ.

ಇನ್ನೊಂದು ಮಾತು. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹತ್ತಲು ಶುರು, ದಡಾರವಂತೂ ದದ್ದಿಗೆ ನಾಲ್ಕು ದಿನ ಮೊದಲೇ. ಅಂದರೆ ನಾವು ಮಗುವನ್ನು ಮನೆಯಲ್ಲಿ ಇಡುವ ಹೊತ್ತಿಗೆ ಅದರ ಬೆಂಚಿನವರಿಗೆ ಆಗಲೇ ಹತ್ತಿರಬಹುದು. ಹಾಗಾಗಿ ಶಾಲೆಗೆ ‘ಊರಿಗೆ ಹೋಗಿದ್ದೀವಿ’ ಎಂದು ಸುಮ್ನೆ ಸುಳ್ಳು ಹೇಳಬೇಡಿ. ಏನಾಗಿದೆ ಎಂದು ಹೇಳಿ. ಆ ಕ್ಲಾಸಿನ ಟೀಚರ್ ಬಸುರಿಯಾಗಿದ್ದರೆ ಚಿಕನ್‌ಪಾಕ್ಸ್ ಸುದ್ದಿ ಅವರಿಗೆ ಅವತ್ತೇ ಗೊತ್ತಾಗಲೇಬೇಕು. ದಡಾರದ ಲಸಿಕೆ ಸರ್ಕಾರದ್ದೇ ಇದೆ, 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದು ಆಗಿದೆಯೋ ಇಲ್ಲವೋ ಎಂದು ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ.

ಜ್ವರ ಬಿಟ್ಟ ದಿನವೇ ಹುಷಾರಾಗಿರಬೇಕಾದ ರೋಗವೂ ಒಂದಿದೆ, ಡೆಂಗಿ. ಮೇಲೆ ಹೇಳಿದ 24 ಗಂಟೆಯ ನಿಯಮ ಅಲ್ಲಿ ಸಾಲುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಓಣಿಗಳಲ್ಲಿ ಬ್ಯಾರಲ್ ತುಂಬಿಡದೆ ಗತಿಯಿಲ್ಲ, ಮುಚ್ಚದ ಬ್ಯಾರಲ್ಲೇ ಡೆಂಗಿ ಸೊಳ್ಳೆಯ ತವರು. ಡೆಂಗಿಯಲ್ಲಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಮನೆಯವರು ‘ಅರಾಮಾತು’ ಎಂದು ಯೂನಿಫಾರ್ಮ್ ತೊಡಿಸುವ ಹೊತ್ತು ಅದು. ನಿಜವಾದ ಅಪಾಯ ಇರುವುದೂ ಆ ಒಂದೆರಡು ದಿನದಲ್ಲೇ. ಹೊಟ್ಟೆ ನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಲ್ಲಿ ರಕ್ತ ಕಂಡರೆ, ಕೈಕಾಲು ತಣ್ಣಗಾದರೆ, ಮಂಕು ಬಡಿದಂತೆ ಮಲಗಿದರೆ ತಡ ಮಾಡದೆ ಆಸ್ಪತ್ರೆಗೆ. ಡೆಂಗಿ ಇರಬಹುದೆಂಬ ಅನುಮಾನ ಇದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು.

ಸೋಮವಾರದ ಹೊಟ್ಟೆನೋವು

ಇದು ಬೇರೆ ಜಾತಿಯ ಕಾಯಿಲೆ. ಬೆಳಿಗ್ಗೆ ಎಂಟಕ್ಕೆ ಹೊಟ್ಟೆ ಹಿಡಿದುಕೊಂಡು ಹೊರಳಾಡುವ ಹುಡುಗಿ ಆಟೋ ಹೋದ ಹತ್ತು ನಿಮಿಷಕ್ಕೆ ಟಿವಿ ಮುಂದೆ ಅವಲಕ್ಕಿ ತಿನ್ನುತ್ತಿರುತ್ತಾಳೆ. ನಾಟಕ ಎಂದು ಒಂದು ಏಟು ಕೊಟ್ಟು ಕಳಿಸುವವರೇ ಜಾಸ್ತಿ. ಆದರೆ ಆ ನೋವು ಯಾವ ದಿನ ಬರುತ್ತದೆ ಎಂದು ಎರಡು ವಾರ ಗುರುತು ಹಾಕಿಕೊಂಡು ನೋಡಿ. ಭಾನುವಾರ ಇಲ್ಲ, ರಜೆಯಲ್ಲಿ ಇಲ್ಲ, ಗಣಿತದ ದಿನ ಮಾತ್ರ ಇದೆ ಅಂದರೆ ಔಷಧ ಇರುವುದು ಶಾಲೆಯಲ್ಲಿ. ಯಾರಾದರೂ ಚುಡಾಯಿಸುತ್ತಿರಬಹುದು. ಹೊಡೆಯುವ ಮಾಸ್ತರ ಇರಬಹುದು. ಕೆಲವು ಹೆಣ್ಣುಮಕ್ಕಳ ಕಾರಣ ಇನ್ನೂ ಸಾದಾ: ಶಾಲೆಯ ಶೌಚಾಲಯಕ್ಕೆ ಹೋಗಲಾರದೆ ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಮೂತ್ರ ತಡೆದುಕೊಂಡೇ ಇರುತ್ತಾರೆ. ಅದರಿಂದ ಮೂತ್ರದ ಸೋಂಕು ಆಗಿ ಹೊಟ್ಟೆನೋವು ನಿಜವಾಗಿಯೇ ಬರುತ್ತದೆ. ಆಗ ಮನೆಯಲ್ಲಿ ಕೂರಿಸಿದರೂ ತಪ್ಪು, ಬೈದು ಕಳಿಸಿದರೂ ತಪ್ಪು.

ಇಲ್ಲಿಯವರೆಗೆ ಬರೆದದ್ದೆಲ್ಲ ಒಂದು ಊಹೆಯ ಮೇಲೆ ನಿಂತಿದೆ. ಮಗು ಮನೆಯಲ್ಲಿ ಉಳಿದರೆ ನೋಡಿಕೊಳ್ಳಲು ಮನೆಯಲ್ಲಿ ಯಾರೋ ಇರುತ್ತಾರೆ ಎಂಬ ಊಹೆ. ನಮ್ಮನೆಯಲ್ಲಿ ಅವ್ವ ಇದ್ದಾರೆ, ನನಗೆ ರಜೆ ಇದೆ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆಯೂ ಇದೆ. ಆದರೆ ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ, ಒಣದ್ರಾಕ್ಷಿ ಶೆಡ್ಡಿಗೆ ದಿನಗೂಲಿಗೆ ಹೋಗುವ ತಾಯಿಗೆ? ಅಲ್ಲಿ ಕೆಲಸದ ಸುಗ್ಗಿ ಫೆಬ್ರವರಿಯಿಂದ ಏಪ್ರಿಲ್. ಚಿಕನ್‌ಪಾಕ್ಸ್ ಹಬ್ಬುವುದೂ, ಪರೀಕ್ಷೆ ನಡೆಯುವುದೂ ಅದೇ ತಿಂಗಳುಗಳಲ್ಲಿ. ಮಗು ಮನೆಯಲ್ಲಿ ಉಳಿದರೆ ಒಂದು ದಿನದ ಪಗಾರ ಹೋಯಿತು. ಶಾಲೆಗೆ ಹೋದರೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ. ಆ ತಾಯಿ ಸಿರಪ್ ಹಾಕಿ ಕಳಿಸಿದರೆ ಅದನ್ನು ಅಜ್ಞಾನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವಳು ಲೆಕ್ಕ ಹಾಕಿಯೇ ಕಳಿಸಿದ್ದಾಳೆ. ಮನೆಯಲ್ಲಿ ಉಳಿಯಿತು ಎಂದರೂ ಎಷ್ಟೋ ಸಲ ಅದನ್ನು ನೋಡಿಕೊಳ್ಳಲು ಉಳಿಯುವುದು ಏಳನೇ ಕ್ಲಾಸಿನ ಅಕ್ಕ. ಒಂದು ಮಗುವಿನ ಜ್ವರಕ್ಕೆ ಎರಡು ಮಕ್ಕಳ ಶಾಲೆ ತಪ್ಪುತ್ತದೆ.

ಆದ್ದರಿಂದ ‘ಕಳಿಸಬೇಡಿ’ ಎಂದು ಪೋಷಕರಿಗೆ ಸುತ್ತೋಲೆ ಬರೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಕಳಿಸದೇ ಇದ್ದರೆ ಆಗುವ ನಷ್ಟವನ್ನು ಕಡಿಮೆ ಮಾಡುವುದು ಶಾಲೆಯ ಕೈಯಲ್ಲಿ ಸ್ವಲ್ಪ ಇದೆ. ಮೊದಲಿಗೆ, ವರ್ಷವಿಡೀ ಒಂದು ದಿನವೂ ತಪ್ಪಿಸದ ಮಗುವಿಗೆ ಗ್ಯಾದರಿಂಗ್ ದಿನ ಕೊಡುವ ಆ ಬಹುಮಾನ ನಿಲ್ಲಿಸಬೇಕು. 60 ದಿನ ಶಾಲೆ ತಪ್ಪಿಸುವವನನ್ನು ಅದು ಶಾಲೆಗೆ ತರುವುದಿಲ್ಲ, 102 ಜ್ವರದಲ್ಲೂ ಬರುವವನನ್ನು ಹುಟ್ಟಿಸುತ್ತದೆ. ಎಸ್ಸೆಸ್ಸೆಲ್ಸಿಗೆ 75 ಶೇಕಡ ಹಾಜರಿ ಸಾಕು ಎಂದು ಪರೀಕ್ಷಾ ಮಂಡಳಿಯೇ ಹೇಳುವಾಗ ಒಂದನೇ ಕ್ಲಾಸಿನವನಿಗೆ ನೂರಕ್ಕೆ ನೂರು ಯಾಕೆ ಬೇಕು? ತಪ್ಪಿದ ಟೆಸ್ಟ್ ಅನ್ನು ಮುಂದಿನ ವಾರ ಬರೆಯಲು ಬಿಟ್ಟರೆ ಎಷ್ಟೋ ಸಿರಪ್ ಬಾಟಲಿಗಳು ಫ್ರಿಜ್ ಮೇಲೇ ಉಳಿಯುತ್ತವೆ. ನಮ್ಮ ಮನೆಯದೂ ಅವತ್ತು ಉಳಿಯುತ್ತಿತ್ತು.

ಡೈರಿಯಲ್ಲಿ ಎರಡನೇ ಫೋನ್ ನಂಬರ್ ಇರುವುದೂ ಮುಖ್ಯ. ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ತಾಯಿಯ ಫೋನ್ ಗೂಟಕ್ಕೆ ನೇತು ಹಾಕಿದ ಕೈಚೀಲದಲ್ಲಿ ಇರುತ್ತದೆ, ಸಂಜೆಯವರೆಗೆ ಯಾರೂ ಎತ್ತುವುದಿಲ್ಲ.

ಆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನನಗೆ ಗೊತ್ತಿರುವ ಅಕ್ಕೋರು ಒಬ್ಬರಿದ್ದಾರೆ. ಸೀಮೆಸುಣ್ಣದ ಡಬ್ಬಿಯಲ್ಲಿ ತಾವೇ ಕೊಂಡ ಥರ್ಮಾಮೀಟರ್ ಇಟ್ಟುಕೊಂಡಿದ್ದಾರೆ. ಒಬ್ಬನಿಗೆ ಇಟ್ಟರೆ ಸಾಕು, “ಅಕ್ಕೋರ, ನನಗೂ ಹಚ್ರಿ” ಎಂದು ಇಡೀ ಕ್ಲಾಸು ಸಾಲು ನಿಲ್ಲುತ್ತದಂತೆ. ನಿಜವಾಗಿ ಜ್ವರ ಇದ್ದವನನ್ನು ಏನು ಮಾಡ್ತೀರಿ, ಮನೆಯಲ್ಲಿ ಯಾರೂ ಇರಲ್ಲವಲ್ಲ ಎಂದು ಕೇಳಿದೆ. ಬಿಸಿಯೂಟದ ಕೋಣೆಯ ಹೊರಗೆ, ಗಾಳಿ ಆಡುವ ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ ಮಲಗಿಸುತ್ತಾರಂತೆ. ಕ್ಲಾಸಿನಿಂದ ದೂರ ಆಯಿತು, ಒಬ್ಬನೇ ಇದ್ದಂತೆಯೂ ಆಗಲಿಲ್ಲ. ಅಡುಗೆಯ ಅಕ್ಕ ಸಾರು ಕುದಿಯಲು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಗಾಗ ಬಂದು ಹಣೆ ಮುಟ್ಟಿ ನೋಡಿ ಹೋಗುತ್ತಾರೆ.